"ನನ್ನ ಮುಖ ಎಲ್ಲಮ್ಮ?"

ಈ ವಾರ ಫೋಟೋಗ್ರಫಿ ತರಗತಿಯಲ್ಲಿ ನಾನು ತೆಗೆದ ಚಿತ್ರವೊಂದನ್ನು ಗೋಡೆಗೆ ಅಂಟಿಸಿ ಮೇಷ್ಟ್ರು ಹತ್ತು ನಿಮಿಷ ಹೊಗಳಿದರು. ಅಷ್ಟು ಹೊತ್ತೂ ನನ್ನ ಕಿವಿಯಲ್ಲಿದ್ದದ್ದು ಅವರ ಮಾತಲ್ಲ, ಎರಡು ದಿನಗಳ ಹಿಂದೆ ಅದೇ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿ ಆ ಹಿರಿಯರು ಕೇಳಿದ್ದು: "ನನ್ನ ಮುಖ ಎಲ್ಲಮ್ಮ?"

ನಮಗೆ ಕೊಟ್ಟಿದ್ದ ಕೆಲಸ ಅಪರಿಚಿತರೊಬ್ಬರ ಭಾವಚಿತ್ರ. ಉದ್ಯಾನದಲ್ಲಿ ಮರದ ನೆರಳಿನ ಬೆಂಚಿನ ಮೇಲೆ ಕುಳಿತು ಅವರು ಕೊಡೆಯ ಮುರಿದ ಕಡ್ಡಿಗೆ ದಾರ ಸುತ್ತುತ್ತಿದ್ದರು. ದಾರದ ಒಂದು ತುದಿ ಹಲ್ಲಿನ ನಡುವೆ, ಇನ್ನೊಂದು ಹೆಬ್ಬೆರಳಿನಡಿ. ಫೋಟೋ ತೆಗೆಯಲೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದರು. 50 ಎಂಎಂ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 1.8ಕ್ಕೆ ಅಗಲವಾಗಿ ತೆರೆದು, ಒಂದು ಮೀಟರ್ ದೂರದಿಂದ ಬೆರಳುಗಳ ಮೇಲೆ ಫೋಕಸ್ ಮಾಡಿದೆ. ಅಷ್ಟು ಹತ್ತಿರದಿಂದ ಹಾಗೆ ತೆಗೆದರೆ ಸ್ಪಷ್ಟವಾಗಿ ಮೂಡುವುದು ಮೂರು ನಾಲ್ಕು ಸೆಂಟಿಮೀಟರ್ ಆಳ ಮಾತ್ರ. ಉಗುರಿನ ಬಿರುಕು, ದಾರದ ಎಳೆ ಎಣಿಸುವ ಹಾಗೆ ಬಂದವು. ಅವುಗಳ ಹಿಂದೆ ಮುಖವೆನ್ನುವುದು ಬರೀ ಮಬ್ಬು. ನನಗೆ ಬೇಕಾಗಿದ್ದದ್ದೂ ಅದೇ.

"ಇದು ನಿಮ್ಮ ಕೈಗಳ ಚಿತ್ರ ತಾತ" ಎಂದೆ.

"ಕೈ ನೋಡಿ ಇವನೇ ಅಂತ ಯಾರು ಹೇಳ್ತಾರೆ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕ ತಪ್ಪಿ ಬಂದ ಚಿಲ್ಲರೆಯನ್ನು ಹಿಂದಿರುಗಿಸುವವರು ಹೇಳುವಂತೆ ಹೇಳಿದರು. ತರಗತಿಯಲ್ಲಿ ಮೇಷ್ಟ್ರು ಕೊಟ್ಟ ಕಾರಣವೂ, ವಿಚಿತ್ರವೆಂದರೆ, ಅದೇ: ಯಾರೆಂದು ಗೊತ್ತಾಗದ್ದರಿಂದಲೇ ಇದು ಎಲ್ಲರ ಚಿತ್ರವಾಯಿತಂತೆ. ಒಬ್ಬರ ದೂರು ಇನ್ನೊಬ್ಬರ ಬಾಯಲ್ಲಿ ಹೊಗಳಿಕೆಯಾಯಿತು. ಮೇಷ್ಟ್ರು ಬೆಳಕನ್ನು ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆತ ಯಾರು, ಏನು ಮಾಡುತ್ತಿದ್ದರು ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ನಾನೇನೂ ಮೇಲಲ್ಲ. ಬಿಡುವಿನಲ್ಲಿ ಮನೆಯವರ, ಗೆಳತಿಯರ ಫೋಟೋ ತೆಗೆಯುವಾಗ ಒಬ್ಬರು ಕಣ್ಣು ಮುಚ್ಚಿದರೂ ಮತ್ತೆ ನಿಲ್ಲಿಸಿ ತೆಗೆಯುತ್ತೇನೆ. ಅಂಕಕ್ಕಾಗಿ ತೆಗೆಯುವಾಗ ಮಾತ್ರ, ಅದೂ ಗುರುತಿಲ್ಲದವರಾದರೆ, ಮುಖವನ್ನು ಮಬ್ಬಿಗೆ ನೂಕಿ ಅದಕ್ಕೆ ಕಲೆಯೆಂದು ಹೆಸರಿಡುತ್ತೇನೆ.

ಛಾಯಾಗ್ರಹಣದ ಆರಂಭಿಕರಲ್ಲೊಬ್ಬನಾದ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಬೀದಿಯೊಂದನ್ನು ಕಿಟಕಿಯಿಂದ ಸೆರೆಹಿಡಿದ ಚಿತ್ರವನ್ನು ಮೊದಲ ಸೆಮಿಸ್ಟರಿನಲ್ಲೇ ನಮಗೆ ತೋರಿಸಿದ್ದರು. ಎಕ್ಸ್‌ಪೋಷರಿಗೆ (ಬೆಳಕು ಬಿದ್ದು ಚಿತ್ರ ಮೂಡಲು) ಕೆಲವು ನಿಮಿಷಗಳೇ ಹಿಡಿದದ್ದರಿಂದ ಓಡಾಡುತ್ತಿದ್ದ ಗಾಡಿಗಳೂ ಜನರೂ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದವನೊಬ್ಬ ಉಳಿದ. ಛಾಯಾಚಿತ್ರದಲ್ಲಿ ಮೂಡಿದ ಮೊದಲ ಮನುಷ್ಯರಲ್ಲಿ ಅವನನ್ನು ಎಣಿಸುತ್ತಾರೆ. ಅವನ ಮುಖವೂ ಕಾಣುವುದಿಲ್ಲ. ಆದರೆ ಚಿತ್ರ ಮೂಡುತ್ತಿದ್ದ ಡಾಗೇರನ ಲೋಹದ ತಟ್ಟೆಗೆ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ನನ್ನ ಕ್ಯಾಮೆರಾಕ್ಕೆ ಸಾಧ್ಯವಿತ್ತು.

ಅಂದು ತಾತನ ಮಾತು ಕೇಳಿದ ಮೇಲೆ ನಾನು ಎರಡು ಮೀಟರ್ ಹಿಂದೆ ಸರಿದು, ಮುಖವೂ ಸ್ಪಷ್ಟವಾಗಲೆಂದು ಅಪರ್ಚರನ್ನು ಎಫ್ 8ಕ್ಕೆ ಕಿರಿದಾಗಿಸಿದೆ. ಒಳಬರುವ ಬೆಳಕು ಕಡಿಮೆಯಾಗಿ, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ತೆರೆದಿರುತ್ತಿದ್ದ ಶಟರ್ ಐವತ್ತರಲ್ಲಿ ಒಂದಕ್ಕೆ ಬಂತು. ದಾರ ಸುತ್ತುವ ಬೆರಳುಗಳು ಇಷ್ಟಕ್ಕೆ ಕಲಸಿಹೋಗುತ್ತವೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದರೆ ಆಗುತ್ತಿತ್ತು, ಹೊಳೆಯಲಿಲ್ಲ. "ಸ್ವಲ್ಪ ಅಲುಗಾಡದೆ ಇರುತ್ತೀರಾ?" ಎಂದೆ. ಅವರು ಕೊಡೆಯನ್ನು ಪಕ್ಕಕ್ಕಿಟ್ಟು, ಕೊರಳಿನ ಗುಂಡಿ ಹಾಕಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟು ನೇರ ಕುಳಿತರು. ಪರದೆ ತೋರಿಸಿದಾಗ ನೋಡಿ "ಹಾಂ" ಎಂದರು, ಮತ್ತೆ ದಾರ ಕೈಗೆತ್ತಿಕೊಂಡರು.

ಮೇಷ್ಟ್ರಿಗೆ ಅದನ್ನೂ ತೋರಿಸಿದೆ. "ಪಾಸ್‌ಪೋರ್ಟ್ ಫೋಟೋ" ಎಂದು ನಕ್ಕು, ಕೆಳಗಿನ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಕೊಡೆಯ ಹಿಡಿಯ ಸುತ್ತ ಪೆನ್ಸಿಲಿನಿಂದ ವೃತ್ತ ಎಳೆದರು. ಆ ಗೆರೆಯನ್ನು ರಬ್ಬರಿನಿಂದ ಅಳಿಸಿದ್ದೇನೆ. ಭಾನುವಾರ ಪ್ರಿಂಟ್ ಹಿಡಿದು ಅದೇ ಬೆಂಚಿನ ಬಳಿ ಹೋಗಬೇಕು.