ಒಂದೇ ಸ್ಪೆಲ್ಲಿಂಗ್, ಮೂರು ಸದ್ದು
ರಾಯಚೂರಿನಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಕನ್ನಡ ಮೀಡಿಯಂ ಹುಡುಗರು ಇಂಗ್ಲಿಷ್ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರ ಬರೆದುಕೊಂಡಿರುತ್ತಾರೆ. ಸುಮ್ನೆ ಬೈಯಬೇಡಿ. ನಮ್ಮದು ಹೆಚ್ಚುಕಮ್ಮಿ ಬರೆದ ಹಾಗೆ ಓದುವ ಭಾಷೆ, ಇಂಗ್ಲಿಷ್‌ನಲ್ಲಿ 26 ಅಕ್ಷರಕ್ಕೆ ಸುಮಾರು 44 ಸದ್ದು, ಪಾಪ ಅವರಾದರೂ ಏನು ಮಾಡಬೇಕು? ತೊಂದರೆ ಬರುವುದು 'ವಾಕೆಡ್', 'ಪ್ಲೇಯೆಡ್' ಅಂತ ಬರೆದುಕೊಂಡಾಗ. ಭೂತಕಾಲಕ್ಕೆ ಇ, ಡಿ ಸೇರಿಸಿ ಅಂತ ಪುಸ್ತಕ ಸ್ಪೆಲ್ಲಿಂಗ್ ಮಾತ್ರ ಹೇಳಿದರೆ ಸಾಲದು, ಅಲ್ವಾ? ವಾಕ್, ಹೆಲ್ಪ್ ಆದಮೇಲೆ ಅದು ಬರೀ 'ಟ್': ವಾಕ್ಟ್, ಹೆಲ್ಪ್ಟ್. ಪ್ಲೇ, ಓಪನ್ ಆದಮೇಲೆ 'ಡ್'. ಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದರೆ ಮಾತ್ರ 'ಇಡ್': ವಾಂಟಿಡ್, ನೀಡಿಡ್. ಗಂಟಲ ಮೇಲೆ ಬೆರಳಿಟ್ಟು ನೋಡಿ, 'ಪ್ಲೇ' ಅಂದಾಗ ಕೊನೆತನಕ ನಡುಗುತ್ತದೆ, ವಾಕ್‌ನ ಕೊನೆಯ 'ಕ್'ಗೆ ನಡುಕ ಇಲ್ಲ; ಅದಕ್ಕೇ ಪ್ಲೇಗೆ 'ಡ್', ವಾಕ್‌ಗೆ 'ಟ್'. ಈ ಆಟ ಹುಡುಗರಿಗೆ ಭಾರಿ ಇಷ್ಟ, ಪಕ್ಕದವರ ಗಂಟಲು ಮುಟ್ಟಲು ಹೋಗಿ ಜಗಳ ಬೇರೆ.