ಕಡೀ ಗಂಟು

9 ಡಿಸೆಂಬರ್ 2024, ಸೋಮವಾರ
ಧಾರವಾಡ

ಪೇಢೆ ಡಬ್ಬಿಯಲ್ಲಿ ಉಲ್ಲನ್ ಇಡಬಾರದು. ಮೆರೂನ್ ಉಂಡೆಗೆಲ್ಲ ಸಕ್ಕರೆ ಮೆತ್ತಿಕೊಂಡು, ಅದರ ಹಿಂದೆ ಇರುವೆ ಸಾಲು. ನಿನ್ನೆ ಅರ್ಧ ತಾಸು ಝಾಡಿಸಿದ್ದೇ ಆಯಿತು.

ಇವರ ಸ್ವೆಟರಿನಿಂದ ಉಳಿದ ಮೆರೂನ್, ಬಾಗಿಲ ತೋರಣದ ಹಳದಿ, ಎಲ್ಲಿಂದ ಬಂತೋ ನೆನಪಿಲ್ಲದ ಗಿಣಿಹಸಿರು. ಒಂದೊಂದೇ ಆದರೆ ಯಾವುದಕ್ಕೂ ಸಾಲಲ್ಲ. ಮೂರೂ ಸೇರಿದರೆ ಕೂಸಿನ ಟೋಪಿಗೆ ಸಾಕು, ಜೋಡಿ ಕೈಗವಸಿಗೂ. ಸುಭಾಸ ರೋಡಿಗೆ ಹೋಗಿ ಹೊಸದು ತರಬಹುದಿತ್ತು. ತರಲಿಲ್ಲ. ಹೊಸದು ತಂದರೆ ಯಾರಿಗೆ ಅಂತ ಕೇಳ್ತಾರೆ. ಉಳಿದದ್ದಾದರೆ ಸುಮ್ನೆ ಕೈ ಆಡಿಸ್ತಿದ್ದೀನಿ ಅನ್ನಬಹುದು, ಅಲ್ವಾ?

ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಟೋಪಿಯ ಕ್ರೋಶಾ ಶುರು ಮಾಡಿದೆ. ದಾರದ ಉಂಗುರದೊಳಗೆ 12 ಕಂಬ, ಅಂದರೆ ಉದ್ದನೆಯ ಹೆಣಿಗೆ, ಮುಂದಿನ ಸುತ್ತಿಗೆ 24, ಆಮೇಲೆ 36, 48. ಅಲ್ಲಿಗೆ ಹೆಚ್ಚಿಸೋದು ನಿಲ್ಲಿಸಬೇಕು. ಇಲ್ಲದಿದ್ದರೆ ಟೋಪಿ ಹೋಗಿ ರೊಟ್ಟಿ ಆಗುತ್ತದೆ. ಆಗಷ್ಟೇ ಹುಟ್ಟಿದ ಕೂಸಿನ ತಲೆಯ ಸುತ್ತಳತೆ 35 ಸೆಂಟಿಮೀಟರ್ ಆಸುಪಾಸು. ಗೇಣು ಹಾಕಿ ನೋಡಿದೆ. ನನ್ನ ಎರಡು ಗೇಣು ಕೂಡ ಇಲ್ಲ. ಇಷ್ಟೇನಾ? ನವಲೂರು ದಾಟಿದ್ದೇ ಗೊತ್ತಾಗಲಿಲ್ಲ.

ಸಂಜೆ ಅತ್ತಿ ನೋಡಿಬಿಟ್ಟರು.

"ಯಾರದವಾ ಆ ಕುಲಾಯಿ?"

"ಹಂಗ ಸುಮ್ನರಿ ಅತ್ತಿ. ಉಳಿದ ಉಲ್ಲನ್ ಇತ್ತು."

"ಗದಗಕ್ಕೇನು?"

ನಾನು ಮಾತಾಡಲಿಲ್ಲ. ತಂಗಿಗೆ ಡಾಕ್ಟರು ಸಂಕ್ರಾಂತಿ ಆದಮೇಲಿನ ತಾರೀಖು ಕೊಟ್ಟಿದ್ದಾರೆ. ಹೋದ ವರ್ಷದ್ದು ಇಲ್ಲಿ ಬರೆಯಲ್ಲ. ಆಗ ಅವಳೇ ಕೂತು ಹೆಣೆದಿದ್ದಳು. ನೀಲಿ, ಕಿವಿ ಮುಚ್ಚೋವಂಥದ್ದು.

ಅತ್ತಿ ಗಾದೆ ಹೇಳುತ್ತಾರೆ ಅಂತ ಕಾದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನೋದು ಅವರ ಬಾಯಲ್ಲೇ ಇರುತ್ತದೆ. ಲೋನ್ ಮಂಜೂರಾಗೋ ಮೊದಲೇ ಇವರು ಸೈಟ್ ನೋಡಲು ಹೊರಟಾಗಲೂ ಅದನ್ನೇ ಅಂದಿದ್ದರು. ಇವತ್ತು ಹೇಳಲಿಲ್ಲ. ಕನ್ನಡಕ ಹಾಕಿಕೊಂಡು, ಮುಗಿದಿದ್ದ ಒಂದು ಕೈಗವಸನ್ನು ಇಸಿದುಕೊಂಡು ಒಳಮಗ್ಗಲು ತಿರುವಿದರು.

"ದಾರದ ತುದಿ ಹಿಂಗ್ಯಾಕ ಬಿಟ್ಟೀ? ಕೂಸಿನ ಬೆರಳಿಗೆ ಸುತ್ತಿಕೊಂಡ್ರ ಏನ್ ಗತಿ?"

ಹೌದು. ಬಣ್ಣ ಬದಲಿಸಿದಲ್ಲೆಲ್ಲ ಎರಡೆರಡು ತುದಿ. ಎಲ್ಲವನ್ನೂ ಸೂಜಿಯಿಂದ ಒಳಗೆ ಸೇರಿಸಬೇಕು. ಅಂಚಿನ ಕೆಲಸದಲ್ಲಿ ನಾನು ಮೊದಲಿಂದಲೂ ಸೋಮಾರಿ.

ಆಮೇಲೆ ಟೋಪಿ ಎತ್ತಿಕೊಂಡರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.

"ಕಡೀ ಗಂಟ ಹಾಕಬ್ಯಾಡ."

"ಯಾಕ್ರಿ?"

"ಗಂಟ ಹಾಕಿದ್ರ ಅದು ಕುಲಾಯಿ. ಹಾಕಲಿಲ್ಲಂದ್ರ ಬರೇ ಉಲ್ಲನ್. ಉಲ್ಲನ್ ಇಟ್ಕೊಂಡ್ರ ಯಾರೇನಂತಾರ?"

ನಗು ಬಂತು. ಅವರು ನಗಲಿಲ್ಲ. ಆದರೆ ಹೇಳಿದ್ದು ಸುಳ್ಳೂ ಅಲ್ಲ. ಕ್ರೋಶಾದಲ್ಲಿ ಕೊನೆಗೆ ಉಳಿಯೋದು ಒಂದೇ ಕುಣಿಕೆ. ಅದನ್ನು ಕಟ್ಟದೆ ದಾರ ಜಗ್ಗಿದರೆ ಸರಸರ ಬಿಚ್ಚಿಕೊಳ್ಳುತ್ತೆ. ಇವರು ಹುಟ್ಟೋವಾಗ ನೀವೂ ಹೀಗೇ ಮಾಡಿದ್ರಾ, ಅಥವಾ ಅದಕ್ಕೂ ಮೊದಲು ಯಾವಾಗಾದ್ರೂ... ಕೇಳಬೇಕು ಅನಿಸಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಅತ್ತಿ ಎದ್ದು ಹೋದರು.

ಕುಣಿಕೆಗೆ ಒಂದು ಪಿನ್ನು ಸಿಕ್ಕಿಸಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಒಂಬತ್ತಕ್ಕೆ ತಂಗಿ ಫೋನ್ ಮಾಡಿದ್ದಳು. ರಾತ್ರಿಯೆಲ್ಲ ಒದೀತದ ಅಕ್ಕಾ, ನಿದ್ದೀನ ಇಲ್ಲ ಅಂದಳು. ನೀ ಏನ್ ಮಾಡಾಕತ್ತೀ ಅಂತ ಕೇಳಿದಳು. ಏನಿಲ್ಲ ಅಂದೆ.

ಎರಡನೇ ಕೈಗವಸು ಅರ್ಧಕ್ಕೆ ನಿಂತಿದೆ. ಹಳದಿ ಮುಗಿಯಿತು. ಕೂಸಿನ ಕೈಗವಸಿಗೆ ಹೆಬ್ಬೆರಳಿಲ್ಲ, ಎಡ ಬಲ ಇಲ್ಲ, ಬಣ್ಣ ಬೇರೆ ಆದರೂ ನಡೆಯುತ್ತೆ. ಹಸಿರು ಹಚ್ಚಲೋ, ಇಲ್ಲಾ ನಾಳೆ ಸುಭಾಸ ರೋಡಿಗೆ ಹೋಗಿ