ಕಂಪ್ರೆಷನ್ ಹೋಗಿದೆ ಎನ್ನುತ್ತೀರಿ, ಎಲ್ಲಿಗೆ ಹೋಗಿದೆ?

"ಸಾರ್, ಬುಲೆಟ್ಟಿಗೆ ಕಂಪ್ರೆಷನ್ ಹೋಗಿದೆ, ಬೋರ್ ಮಾಡಿಸೋಕೆ ಎಷ್ಟಾಗಬಹುದು?" ಹಳೆಯ ಬುಲೆಟ್ 350ರಲ್ಲಿ ಊರೂರು ಸುತ್ತುವವನು ನಾನು ಎಂಬುದು ಗೊತ್ತಾದ ದಿನದಿಂದ ಮದುವೆ ಮನೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಒಮ್ಮೆ ಆಸ್ಪತ್ರೆಯ ಸರತಿಯಲ್ಲಿಯೂ ಜನ ನನ್ನನ್ನು ಕೇಳಿರುವುದು ಇದೊಂದೇ ಪ್ರಶ್ನೆ. ಮೊದಲೆಲ್ಲ ನಿಂತು ವಿವರಿಸುತ್ತಿದ್ದೆ. ಈಗ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಎಷ್ಟಾಗುತ್ತದೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಗಾಡಿಗೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲ ಮಾಡುವ ಕೆಲಸ, ಬೇಕೇ ಬೇಡವೇ ಎಂಬುದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ಲ, ಕಿಕ್ಕರನ್ನು ಒಂದು ಸಲ ತುಳಿದು ತೀರ್ಪು ಕೊಟ್ಟ ಮೆಕ್ಯಾನಿಕ್ಕಿಗೂ ಗೊತ್ತಿಲ್ಲ.

ನನ್ನನ್ನು ಕೆರಳಿಸುವುದು ಆ "ಹೋಗಿದೆ" ಎಂಬ ಮಾತು. ಬಲ್ಬ್ ಹೋಗುತ್ತದೆ, ಕೇಬಲ್ ಹೋಗುತ್ತದೆ, ಅವನ್ನು ಬಿಚ್ಚಿ ಹೊಸದು ಹಾಕಬಹುದು. ಕಂಪ್ರೆಷನ್ ಅಂಗಡಿಯಲ್ಲಿ ಸಿಗುವ ಬಿಡಿಭಾಗವಲ್ಲ. ಪಿಸ್ಟನ್ ಮೇಲೆ ಬಂದಾಗ ಮುಚ್ಚಿದ ಕೋಣೆಯಲ್ಲಿ ಗಾಳಿ ಒತ್ತಿಕೊಳ್ಳುವುದಷ್ಟೇ ಅದು. ಒತ್ತಡ ಕಡಿಮೆಯಾಗಿದೆ ಎಂದರೆ ಆ ಕೋಣೆಯ ಯಾವುದೋ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಹೋಗಿದೆ ಎನ್ನುವವರು, ಹಾಗಾದರೆ ಎಲ್ಲಿಂದ ಹೋಗುತ್ತಿದೆ ಎಂದು ಯಾಕೆ ಕೇಳುವುದಿಲ್ಲ? ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿಯಿಂದಲೇ, ಇನ್‌ಲೆಟ್ ವಾಲ್ವಿನಿಂದಲೇ, ಎಕ್ಸಾಸ್ಟ್ ವಾಲ್ವಿನಿಂದಲೇ, ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಕೂರುವ ಸಂದಿಯ ಗ್ಯಾಸ್ಕೆಟ್ಟಿನಿಂದಲೇ? ಹಳೆಯ ಬುಲೆಟ್ಟಿನಲ್ಲಿ ಇನ್ನೊಂದು ಪುಟ್ಟ ಬಾಗಿಲೂ ಇದೆ, ಅದೇ ಡಿಕಂಪ್ರೆಸರ್. ಎಡಗೈ ಬಳಿಯ ಸಣ್ಣ ಲಿವರ್ ಎಳೆದರೆ ಹೆಡ್ಡಿನಲ್ಲಿ ಕೂತ ಆ ಪುಟ್ಟ ವಾಲ್ವ್ ತೆರೆದು ಒತ್ತಡವನ್ನು ಸೈಲೆನ್ಸರಿನ ದಾರಿಗೆ ಬಿಡುತ್ತದೆ.

ನಾನು ಮೋಸಹೋದದ್ದು ಅಲ್ಲಿಯೇ. ದೂರದ ಪ್ರಯಾಣಕ್ಕೆ ಬೆನ್ನು ನೆಟ್ಟಗಿರಲಿ ಎಂದು ಒಂದು ವರ್ಷ ಎತ್ತರದ ಹ್ಯಾಂಡಲ್ ಹಾಕಿಸಿದೆ. ಎರಡು ತಿಂಗಳಲ್ಲಿ ಗಾಡಿ ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಎರಡನೇ ಗೇರಿನಲ್ಲೂ ಉಸಿರು ಕಟ್ಟಿದಂತೆ ಆಡಿತು. ಒಂದು ವರ್ಕ್‌ಶಾಪಿನವರು ಕಿಕ್ಕರ್ ತುಳಿದು ನೋಡಿ, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಹೋಗಿದೆ ಎಂದರು. ನಾನು ಒಂದು ಮಾತೂ ಕೇಳದೆ ಒಪ್ಪಿದೆ. ಆ ಕೊಳವೆ ಇರುವ ಬ್ಲಾಕ್ ಬಿಚ್ಚಿ, ಬೋರಿಂಗ್ ಅಂಗಡಿಗೆ ಒಯ್ದು, ಓವರ್‌ಸೈಜ್ ಪಿಸ್ಟನ್ ಹಾಕಿಸಿ ತಂದ ಮೂರನೆಯ ದಿನವೇ ಅದೇ ಸಡಿಲವಾದ ಕಿಕ್.

ಕಾರಣ ಸಿಕ್ಕಿದ್ದು ಒಂದು ಸಂಜೆ ಗಾಡಿಯನ್ನು ಮನೆಯ ಪಕ್ಕದ ಓಣಿಗೆ ತಳ್ಳುವಾಗ. ಗೋಡೆಗೆ ತಾಗದಿರಲೆಂದು ನಾನು ಪ್ರತಿದಿನ ಹ್ಯಾಂಡಲನ್ನು ಬಲಕ್ಕೆ ಪೂರ್ತಿ ತಿರುಗಿಸಿ ನಿಲ್ಲಿಸುತ್ತಿದ್ದೆ. ಹಾಗೆ ತಿರುಗಿಸಿಯೇ ಕಿಕ್ಕರ್ ಒತ್ತಿದರೆ ಕಾಲು ನೇರವಾಗಿ ಕೆಳಗಿಳಿಯಿತು. ಹ್ಯಾಂಡಲ್ ನೇರ ಮಾಡಿ ಒತ್ತಿದರೆ ಸ್ವಲ್ಪವಾದರೂ ತಡೆಯಿತು. ಹ್ಯಾಂಡಲ್ ಎತ್ತರವಾಗಿತ್ತು, ಆದರೆ ಡಿಕಂಪ್ರೆಸರ್ ಕೇಬಲ್ ಮಾತ್ರ ಹಳೆಯ ಉದ್ದದ್ದೇ ಉಳಿದಿತ್ತು. ಬಲಕ್ಕೆ ತಿರುಗಿಸಿದಾಗ ಆ ಕೇಬಲ್ ಬಿಗಿದು ವಾಲ್ವನ್ನು ಎತ್ತುತ್ತಿತ್ತು. ನೇರವಿದ್ದಾಗಲೂ ಕೂದಲೆಳೆಯಷ್ಟು ಸಡಿಲವೂ ಇರದಿದ್ದರಿಂದ ಅದು ಪೂರ್ತಿ ಕೂರದೆ, ಬಿಸಿ ಗಾಳಿ ನುಗ್ಗಿ ನುಗ್ಗಿ ಅದರ ಅಂಚು ಸುಟ್ಟಿತ್ತು. ಉದ್ದದ ಕೇಬಲ್ ಮತ್ತು ಹೊಸ ಡಿಕಂಪ್ರೆಸರ್ ಹಾಕಿದೆ, ಕಿಕ್ಕರ್ ಮೊದಲಿನಂತಾಯಿತು. ದುಡ್ಡು ಹೋದದ್ದಕ್ಕೆ ನಾನು ಇಷ್ಟು ವರ್ಷ ಕೊರಗುತ್ತಿಲ್ಲ. ಆ ಬ್ಲಾಕ್‌ನ ಗೋಡೆಯಿಂದ ಕೊರೆದು ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ ಎಂಬುದೇ ನನ್ನ ಸಂಕಟ. ಒಂದು ಬ್ಲಾಕ್ ಇಂತಿಷ್ಟೇ ಸಲ ಬೋರ್ ತಾಳುತ್ತದೆ. ಅದರಲ್ಲಿ ಒಂದನ್ನು ನಾನು ಒಂದು ಕೇಬಲ್ಲಿನ ತಪ್ಪಿಗೆ ಖರ್ಚು ಮಾಡಿಬಿಟ್ಟೆ.

ಹೀಗಾಗಿ ನೀವು ಎಷ್ಟಾಗಬಹುದು ಎಂದು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ನೀವು ಕೇಳಬೇಕಾದದ್ದು, ಬಿಚ್ಚುವ ಮೊದಲು ಏನೇನು ನೋಡಬೇಕು ಎಂದು. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರಿಸುತ್ತೇನೆ.

ಮೊದಲು ಕ್ಲಚ್ ನೋಡಿ. ಬುಲೆಟ್ಟಿನ ಕಿಕ್ಕರ್ ಎಂಜಿನ್ನನ್ನು ತಿರುಗಿಸುವುದು ಗೇರ್‌ಬಾಕ್ಸ್ ಮತ್ತು ಕ್ಲಚ್ಚಿನ ಮೂಲಕ. ಕ್ಲಚ್ ಜಾರುತ್ತಿದ್ದರೆ ಕಂಪ್ರೆಷನ್ ಪೂರ್ತಿ ಇದ್ದರೂ ಕಿಕ್ಕರ್ ಸಡಿಲವಾಗಿಯೇ ಇಳಿಯುತ್ತದೆ. ಆಮೇಲೆ ಡಿಕಂಪ್ರೆಸರ್ ಕೇಬಲ್ ಕಳಚಿ ನೋಡಿ. ಅನಂತರ ವಾಲ್ವನ್ನು ತೆರೆಯಿಸುವ ಕಡ್ಡಿ, ಅಂದರೆ ಪುಶ್‌ರಾಡ್. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿಗೆ ಬಂದಿರುವಾಗ, ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಸೀಟಿನಲ್ಲಿ ಸವೆದು ಒಳಗಿಳಿದಷ್ಟೂ ಈ ಸಡಿಲ ತಾನಾಗಿಯೇ ಕಡಿಮೆಯಾಗುತ್ತ ಹೋಗುವುದರಿಂದ, ಹಿಂದೆ ಸರಿಯಾಗಿತ್ತು ಎಂಬುದು ಇಂದಿಗೆ ಆಧಾರವಲ್ಲ. ಈ ಮೂರಕ್ಕೂ ಹೆಡ್ ಬಿಚ್ಚುವ ಅಗತ್ಯವೇ ಇಲ್ಲ.

ಒತ್ತಡ ಅಳೆಯುವ ಗೇಜ್ ಇಟ್ಟು ಅಳೆಯುವುದಾದರೆ ಎಂಜಿನ್ ಬೆಚ್ಚಗಿರಲಿ, ಪ್ಲಗ್ಗಿನ ಜಾಗದಲ್ಲಿ ಗೇಜ್ ಕೂರಿಸಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಕಿಕ್ ಹೊಡೆಯಿರಿ. ಥ್ರಾಟಲ್ ಮುಚ್ಚಿ ಅಳೆದು, ಬಂದ ಸಂಖ್ಯೆಯನ್ನು ಹಿಡಿದು ಹೆದರಿಕೊಂಡು ಬಂದವರನ್ನು ನೋಡಿದ್ದೇನೆ. ಗಾಳಿಯನ್ನೇ ಒಳಗೆ ಬಿಡದಿದ್ದರೆ ಒತ್ತಡ ಎಲ್ಲಿಂದ ಬರಬೇಕು? ಹೊಸ 350ರ ಕಂಪ್ರೆಷನ್ ಅನುಪಾತ 9.5ಕ್ಕೆ 1, ಹಳೆಯ ಕಾಸ್ಟ್ ಐರನ್ ಎಂಜಿನ್ನಿನದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಗೆಳೆಯನ ಹೊಸ ಗಾಡಿಯ ಸಂಖ್ಯೆಯೊಂದಿಗೆ ನಿಮ್ಮದನ್ನು ಹೋಲಿಸಬೇಡಿ. ಬಂದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಚೆನ್ನಾಗಿ ಮೇಲೇರಿದರೆ ಎಣ್ಣೆಯು ರಿಂಗುಗಳ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದೆ, ದೋಷ ರಿಂಗಿನಲ್ಲೋ ಬೋರಿನಲ್ಲೋ ಇದೆ. ಹೆಚ್ಚುಕಡಿಮೆ ಅಲ್ಲಿಯೇ ನಿಂತರೆ ದೋಷ ಮೇಲಿದೆ: ವಾಲ್ವ್, ಡಿಕಂಪ್ರೆಸರ್ ಅಥವಾ ಗ್ಯಾಸ್ಕೆಟ್.

ನನಗೆ ಇದಕ್ಕಿಂತಲೂ ನೆಚ್ಚಿನದು ಗಾಳಿ ಕೊಟ್ಟು ಕಿವಿಗೊಡುವ ವಿಧಾನ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ಟ್ಯೂಬಿನ ವಾಲ್ವ್ ಒಂದನ್ನು ಬೆಸುಗೆ ಹಾಕಿಸಿಟ್ಟುಕೊಂಡಿದ್ದೇನೆ. ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಗಾಡಿಯನ್ನು ಗೇರಿನಲ್ಲಿಟ್ಟು, ಹಿಂಬ್ರೇಕ್ ಒತ್ತಿ ಹಿಡಿದು ಗಾಳಿ ಬಿಟ್ಟರೆ ಎಂಜಿನ್ ತಾನೇ ಬಾಯಿಬಿಡುತ್ತದೆ. ಕಾರ್ಬುರೇಟರಿನಲ್ಲಿ ಬುಸುಗುಟ್ಟಿದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್ ಅಥವಾ ಡಿಕಂಪ್ರೆಸರ್. ಎಂಜಿನ್ನಿನ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪಿನಲ್ಲಿ ಜೋರಾಗಿ ಬಂದರೆ ರಿಂಗ್. ಹೆಡ್ಡಿನ ಸಂದಿಗೆ ಹಚ್ಚಿದ ಸೋಪಿನ ನೀರು ಗುಳ್ಳೆಯೆದ್ದರೆ ಗ್ಯಾಸ್ಕೆಟ್.

2019ರಲ್ಲಿ ನನ್ನ ಗಾಡಿ ನಿಜವಾಗಿಯೂ ಸೊರಗಿದಾಗ ನಡೆದ ಕ್ರಮ ಇದೇ. ಎಣ್ಣೆ ಬಿಟ್ಟಾಗ ಮುಳ್ಳು ತುಸು ಮಾತ್ರ ಏರಿತು, ಗಾಳಿ ಸೈಲೆನ್ಸರಿನಲ್ಲಿ ಕೇಳಿಸಿತು. ಈ ಸಲ ಮೋಸಹೋಗಬಾರದೆಂದು ಡಿಕಂಪ್ರೆಸರನ್ನೇ ತೆಗೆದು ಆ ರಂಧ್ರಕ್ಕೆ ಬೋಲ್ಟ್ ಹಾಕಿ ಮುಚ್ಚಿದೆ. ಸದ್ದು ನಿಲ್ಲಲಿಲ್ಲ. ಎಕ್ಸಾಸ್ಟ್ ವಾಲ್ವ್ ಎಂಬುದು ಖಚಿತವಾದ ಮೇಲೆಯೇ ಹೆಡ್ ಬಿಚ್ಚಿದ್ದು. ವಾಲ್ವಿನ ಅಂಚಿನಲ್ಲಿ ಗುಂಡಿಗಳೆದ್ದಿದ್ದವು, ವಾಲ್ವನ್ನು ನೇರವಾಗಿ ಹಿಡಿಯುವ ಗೈಡ್ ಸಡಿಲವಾಗಿ ಅದು ಅಲುಗುತ್ತಿತ್ತು. ಗೈಡ್ ಮತ್ತು ವಾಲ್ವ್ ಹೊಸದು ಹಾಕಿ, ಸೀಟ್ ಕಟ್ ಮಾಡಿಸಿ, ಪೇಸ್ಟ್ ಹಚ್ಚಿ ಬೂದು ಬಣ್ಣದ ಸಮನಾದ ಉಂಗುರ ಮೂಡುವವರೆಗೆ ಕೈಯಿಂದಲೇ ಉಜ್ಜಿದೆ. ವಾಲ್ವಿನ ಹಿಂದಿನ ದಾರಿಗೆ, ಅಂದರೆ ಪೋರ್ಟಿಗೆ, ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಟ್ಟರೂ ಒಂದು ಹನಿ ಜಿನುಗದಿದ್ದಾಗ ಬಂದ ಸಂತೋಷ ಅಷ್ಟಿಷ್ಟಲ್ಲ.

ಹೇಗೂ ಹೆಡ್ ಬಿಚ್ಚಿದ್ದರಿಂದ ಬ್ಲಾಕ್ ಕೂಡ ಎತ್ತಿದೆ. ಆ ಅಂಗಡಿಯ ಹುಡುಗ ಆಗಲೇ "ಬೋರ್ ಹಾಕ್ಬಿಡೋಣ ಸಾರ್" ಎಂದ. ನಾನು ಮೊದಲು ಅಳೆ ಎಂದೆ. ಮೇಲೆ, ನಡುವೆ, ಕೆಳಗೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದಾಗ ಅತಿ ಹೆಚ್ಚಿನ ಸವೆತ 0.04 ಮಿಲಿಮೀಟರ್, ಮೇಲಿನ ರಿಂಗ್ ಬಂದು ನಿಲ್ಲುವ ಜಾಗದಲ್ಲಿ ಉಗುರಿಗೆ ಸಿಗುವಂಥ ಏಣು ಇರಲಿಲ್ಲ. ಏಣು ಇದ್ದಿದ್ದರೆ ಹೊಸ ರಿಂಗ್ ಅದಕ್ಕೆ ಬಡಿದು ಮುರಿಯುವ ಸಾಧ್ಯತೆ ಇತ್ತು, ಆಗ ನಾನು ಬೋರ್ ಬೇಡ ಎನ್ನುತ್ತಿರಲಿಲ್ಲ. ಹಳೆಯ ರಿಂಗನ್ನು ಬೋರಿನೊಳಗೆ ಕೂರಿಸಿ ಅದರ ಎರಡು ತುದಿಗಳ ನಡುವಿನ ಅಂತರವನ್ನು ಫೀಲರ್ ಗೇಜಿನಲ್ಲಿ ನೋಡಿದರೆ 0.55 ಮಿಲಿಮೀಟರ್. ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರ ಭಾಗಗಳಲ್ಲಿ ನಾಲ್ಕು ಎಂಬುದು ರೂಢಿಯ ಲೆಕ್ಕ. 70 ಮಿಲಿಮೀಟರ್ ಬೋರಿಗೆ ಅದು ಸುಮಾರು 0.28 ಆಗುತ್ತದೆ. ಅಂದರೆ ಸವೆದದ್ದು ರಿಂಗ್, ಬ್ಲಾಕ್ ಅಲ್ಲ. ಗೋಡೆಯ ಹೊಳಪು ಹೋಗಿ ಅಡ್ಡಗೆರೆ ಮೂಡುವಷ್ಟು ಹೋನಿಂಗ್ ಮಾಡಿಸಿ, ಅದೇ ಅಳತೆಯ ರಿಂಗ್ ಹಾಕಿದೆ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದೆ, ಕ್ರ್ಯಾಂಕಿಗೆ ಸೇರುವ ಅದರ ಕೆಳತುದಿ, ಬಿಗ್ ಎಂಡ್, ಗಟ್ಟಿಯಿತ್ತು. ಅದು ಅಕ್ಕಪಕ್ಕ ತುಸು ಆಡುವುದು ಸಹಜ, ಅದನ್ನು ತೋರಿಸಿ ಯಾರಾದರೂ ಕ್ರ್ಯಾಂಕ್ ಬಿಚ್ಚಿಸಲು ಹೇಳಿದರೆ ಒಪ್ಪಬೇಡಿ.

ಮೊದಲ ಐನೂರು ಕಿಲೋಮೀಟರ್ ಗಂಟೆಗೆ ಐವತ್ತು ದಾಟಿಸದೆ, ಹಾಗೆಂದು ಒಂದೇ ವೇಗದಲ್ಲೂ ಎಳೆಯದೆ ಓಡಿಸಿದೆ. ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಮತ್ತೆ ಬಿಗಿದು ಪುಶ್‌ರಾಡ್ ಸರಿಮಾಡಿದೆ, ಆಯಿಲ್ ಬದಲಿಸಿದೆ. ಈಗ ಕಿಕ್ಕರಿನ ಮೇಲೆ ನನ್ನ ಪೂರ್ತಿ ಭಾರ ಬಿಟ್ಟು ನಿಂತರೆ ಅದು ಕೆಲವು ಕ್ಷಣ ಹೊತ್ತುಕೊಂಡು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆ ದಿನ ಅಳೆದ ಆರು ಸಂಖ್ಯೆಗಳನ್ನೂ, ರಿಂಗಿನ ಅಂತರವನ್ನೂ, ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಟ್ಟಿದ್ದೇನೆ. ಮುಂದೆ ಈ ಬ್ಲಾಕ್ ಬಿಚ್ಚುವವರು ನಾನಲ್ಲದೆ ಬೇರೆ ಯಾರೇ ಆಗಿರಲಿ, ಬೋರಿಂಗ್ ಅಂಗಡಿಗೆ ಒಯ್ಯುವ ಮೊದಲು ಆ ಚೀಟಿ ಅವರ ಕೈಗೆ ಸಿಗಬೇಕು.